ಆರುವ ತನಕ

“ಹನ್ನೊಂದು ತಿಂಗಳಲ್ಲಿ ನನ್ನ ಕೈಯಿಂದ ಒಂದೇ ಒಂದು ಪೀಸೂ ರಿಜೆಕ್ಟ್ ಆಗಿಲ್ಲ ಅಂತ ಹೇಳಿದ್ರೆ, ಜಂಬ ಅನ್ಕೊಂಡ್ಬಿಡ್ತಾರಾ ಸರ್?”

ಸ್ಕೂಟರಿನ ಹಿಂದಿನ ಸೀಟಿನಿಂದ ರೂಪಶ್ರೀ ಕೇಳಿದ್ದು ಚನ್ನವೀರಯ್ಯನವರಿಗೆ ಅಕ್ಷರ ಅಕ್ಷರವಾಗಿ ಕೇಳಿಸಿತು. ಆದರೆ ತಲೆ ಮೇಲೆ ಹೆಲ್ಮೆಟ್ಟಿತ್ತು, ಎದುರುಗಾಳಿಯಿತ್ತು, ಕೇಳಿಸಲಿಲ್ಲ ಎನ್ನುವುದಕ್ಕೆ ಅಷ್ಟು ಸಾಕಿತ್ತು. ಕತ್ತನ್ನು ಒಂದಿಷ್ಟೂ ತಿರುಗಿಸದೆ ಮುಂದೆ ಹೋಗುತ್ತಿದ್ದ ಹುಲ್ಲಿನ ಟ್ರ್ಯಾಕ್ಟರನ್ನೇ ನೋಡುತ್ತ ಗಾಡಿ ಓಡಿಸಿದರು. ಬಟವಾಡಿಯಲ್ಲಿ ಅವಳನ್ನು ಹತ್ತಿಸಿಕೊಂಡಾಗ ಬಸ್ ಸ್ಟ್ಯಾಂಡು ಬರುವುದರೊಳಗೆ ಹೇಳಿಬಿಡಬೇಕು ಎಂದುಕೊಂಡಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಜನ ಅಡ್ಡ ಬಂದರು, ಊರಂಚಿನ ಗುಬ್ಬಿ ಗೇಟಿನಲ್ಲಿ ಪೊಲೀಸಿನವನು ಕೈ ತೋರಿಸಿದ. ಈಗ ತುಮಕೂರು ಬೆನ್ನ ಹಿಂದೆ ಉಳಿದಿತ್ತು, ಮಲ್ಲಸಂದ್ರ ಹತ್ತಿರವಾಗಿತ್ತು. ಅವಳಿಗೆ ಕೆಲಸದ ಪರೀಕ್ಷೆ ಇರುವುದು ಹತ್ತು ಗಂಟೆಗೆ, ಗುಬ್ಬಿ ದಾಟಿ, ಹೆಲಿಕಾಪ್ಟರ್ ಕಾರ್ಖಾನೆಯ ಬಿದರೆಹಳ್ಳಿ ಕಾವಲ್ ಕಡೆ ಹೊಸದಾಗಿ ಎದ್ದಿರುವ ಒಂದು ಬಿಡಿಭಾಗದ ಕಂಪನಿಯಲ್ಲಿ. ಎರಡು ಗಂಟೆ ಕೊಡುತ್ತಾರೆ, ಒಂದು ಅಲ್ಯೂಮಿನಿಯಂ ದಿಂಡು ಕೊಡುತ್ತಾರೆ, ನಕ್ಷೆಯಲ್ಲಿರುವ ಹಾಗೆ ಲೇತಿನಲ್ಲಿ ಕಡೆದು ಒಂದಕ್ಕಿಂತ ಒಂದು ಸಪೂರವಾದ ಮೂರು ಮೆಟ್ಟಿಲು ಮಾಡಿಕೊಡಬೇಕು. ಹೇಳುವುದಿದ್ದರೆ ಈ ಹದಿನೈದು ಕಿಲೋಮೀಟರಿನಲ್ಲೇ ಹೇಳಬೇಕು. ಹೇಳದಿದ್ದರೆ ಒಳಗೆ ಆ ಮಿಷನ್ನೇ ಹೇಳುತ್ತದೆ, ಗೊತ್ತಿಲ್ಲದ ನಾಲ್ಕು ಜನರ ಎದುರಿಗೆ.

ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ. ರೂಪಶ್ರೀಯ ಹೆಸರಿನಲ್ಲಿ ಪಾಸಾದ ಪೀಸುಗಳಲ್ಲಿ ನಲವತ್ತೊಂದು ಅವಳು ಮಾಡಿದವಾಗಿರಲಿಲ್ಲ, ಇವರು ಮಾಡಿದವು.

ಹಿರೇಹಳ್ಳಿಯ ಆ ಸಣ್ಣ ವರ್ಕ್‌ಶಾಪಿನಲ್ಲಿ ಚನ್ನವೀರಯ್ಯ ಹತ್ತೊಂಬತ್ತು ವರ್ಷದಿಂದ ಲೇತ್ ಮೇಸ್ತ್ರಿ. ಐಟಿಐ ಮುಗಿಸಿ, ಮೂರು ವರ್ಷ ಸೀರೆ ಅಂಗಡಿಯಲ್ಲಿ ಸೀರೆ ಮಡಚಿ, ಕೊನೆಗೆ ಇಪ್ಪತ್ತೈದನೇ ವಯಸ್ಸಿನಲ್ಲಿ ಈ ಹುಡುಗಿ ಕೆಲಸಕ್ಕೆ ಬಂದ ವಾರವೇ ಮಾಲೀಕ ಮಲ್ಲಿಕಾರ್ಜುನ್ ಯಾರೋ ಗಿರಾಕಿಗಳನ್ನು ಕರೆದುಕೊಂಡು ಬಂದು, ನಮ್ಮಲ್ಲಿ ಹೆಣ್ಣುಮಕ್ಕಳೂ ಲೇತ್ ನಡೆಸ್ತಾರೆ ನೋಡಿ ಎಂದು ಅವಳ ಹಿಂದೆಯೇ ನಿಂತುಬಿಟ್ಟಿದ್ದ. ಅವಳು ಮೊದಲನೇ ಪೀಸನ್ನು ಕಡೆದು, ಮಿಷನ್ನಿನಿಂದ ಬಿಚ್ಚುವ ಮೊದಲೇ, ಇನ್ನೂ ಮುಟ್ಟಿದರೆ ಚುರ್ ಎನ್ನುತ್ತಿದ್ದ ಹಾಗೆಯೇ ಮೈಕ್ರೋಮೀಟರ್ ಹಾಕಿ ಅಳೆದು, ಕರೆಕ್ಟಾಗಿದೆ ಸರ್ ಎಂದು ಮುಖ ಅರಳಿಸಿದ್ದಳು. ಆ ಕ್ಷಣಕ್ಕೆ ಕರೆಕ್ಟಾಗಿಯೇ ಇತ್ತು. ಅಲ್ಯೂಮಿನಿಯಂ ಬಿಸಿಯಲ್ಲಿ ಹಿಗ್ಗಿಕೊಂಡು ಕೂತಿರುತ್ತದೆ, ಆರಿದ ಮೇಲೆ ತನ್ನ ನಿಜವಾದ ಅಳತೆಗೆ ಬರುತ್ತದೆ. ಅರ್ಧ ಗಂಟೆ ಬಿಟ್ಟು ಚನ್ನವೀರಯ್ಯ ಅದನ್ನು ಅಳೆದಾಗ ಕೂದಲಿನ ಅರ್ಧದಷ್ಟು ಕಮ್ಮಿ ಬಂದಿತ್ತು. ಆ ಕೆಲಸದಲ್ಲಿ ಅರ್ಧ ಕೂದಲು ಅಂದರೆ ಬಹಳವಾಯಿತು. ದಪ್ಪವಿದ್ದರೆ ಇನ್ನೊಂದಿಷ್ಟು ಕಡೆಯಬಹುದು, ಕಮ್ಮಿಯಾದದ್ದನ್ನು ವಾಪಸ್ ಅಂಟಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಗಿರಾಕಿಗಳು ಆಚೆ ಟೀ ಕುಡಿಯುತ್ತಿದ್ದರು, ಹುಡುಗಿ ಅಮ್ಮನಿಗೆ ಫೋನ್ ಮಾಡಿ ನಗುತ್ತಿದ್ದಳು. ಇವರ ಕೈಯೇ ಮುಂದಾಗಿ ಆ ಪೀಸನ್ನು ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡಿತು, ತಾವು ಬೆಳಿಗ್ಗೆ ಮಾಡಿಟ್ಟಿದ್ದ ಒಂದನ್ನು ಅವಳ ಟ್ರೇಗೆ ಇಟ್ಟಿತು. ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಅದು ತಪ್ಪು ಅಂತ ಅವತ್ತು ಅನಿಸಿತ್ತೇ ಇಲ್ಲವೇ ನೆನಪಿಗೆ ಬರುತ್ತಿಲ್ಲ. ಮಗುವಿನ ಮೂಗು ಒರೆಸಿದಷ್ಟು ಸಲೀಸಾಗಿ ನಡೆದುಹೋಗಿತ್ತು.

ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ಎನ್ನುವುದು ದಿನಕ್ಕೊಂದಿಷ್ಟು ಭಾರವಾಗುತ್ತ ಹೋಯಿತು. ಮಳೆಗಾಲದಲ್ಲಿ, ಚಳಿಯ ದಿನಗಳಲ್ಲಿ ಅವಳ ಪೀಸುಗಳು ತಮ್ಮಷ್ಟಕ್ಕೆ ತಾವೇ ಸರಿಯಾಗಿ ಬರುತ್ತಿದ್ದವು. ಶಿವರಾತ್ರಿ ಕಳೆದು ಶೀಟಿನ ಸೂರು ಕಾಯಲು ಶುರುವಾದ ಮೇಲೆ ಮಧ್ಯಾಹ್ನದ ಟ್ರೇನಲ್ಲಿ ವಾರಕ್ಕೆ ಎರಡೋ ಮೂರೋ ಕಮ್ಮಿಯಾದವು ಸಿಗುತ್ತಿದ್ದವು. ಲಿಂಗಪೂಜೆ ಮುಗಿಸಿ, ವಿಭೂತಿ ಇನ್ನೂ ಹಸಿಯಿರುವಾಗಲೇ ಮನೆ ಬಿಟ್ಟು, ಎಲ್ಲರಿಗಿಂತ ಮುಕ್ಕಾಲು ಗಂಟೆ ಮುಂಚೆ ಷೆಡ್ಡಿಗೆ ಬಂದು ಅವಳ ಟ್ರೇ ಅಳೆದು ನೋಡುವುದು ಚನ್ನವೀರಯ್ಯನವರ ದಿನಚರಿಯೇ ಆಗಿಹೋಯಿತು. ಸೋತವನ್ನು ಊಟದ ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಿದ್ದರು. ಒಂದು ಸಲ, ಬಹುಶಃ ಏಪ್ರಿಲ್ಲಿನಲ್ಲಿ, ಸ್ವಲ್ಪ ತಡೆದು ಅಳೆಯಮ್ಮ, ಆರಲಿ ಎಂದು ಹೇಳಿಯೂ ಇದ್ದರು. ಹೂಂ ಸರ್ ಎಂದು ಎರಡು ದಿನ ತಡೆದಳು, ಮೂರನೇ ದಿನ ಬಿಟ್ಟಳು. ಯಾಕೆ ತಡೆಯಬೇಕು ಅವಳು? ಗೋಡೆಯ ಬಿಳಿ ಹಲಗೆಯ ಮೇಲೆ ಪ್ರತಿ ತಿಂಗಳೂ ಅವಳ ಹೆಸರಿನ ಮುಂದೆ ಸೊನ್ನೆ ರಿಜೆಕ್ಷನ್ ಎಂದು ಬರೆದಿರುತ್ತಿತ್ತು. ಮಲ್ಲಿಕಾರ್ಜುನ್ ಮೈಸೂರ್‌ಪಾಕಿನ ಡಬ್ಬಿ ತಂದು ಅವಳ ಕೈಗೆ ಕೊಟ್ಟು, ಇವರ ಕಡೆ ನೋಡಿ, ನಿಮ್ಮ ಶಿಷ್ಯೆ ಅಲ್ವಾ ಮೇಸ್ತ್ರಿ ಎನ್ನುತ್ತಿದ್ದ. ಆಗ ಎದೆಯೊಳಗೆ ಹಿತವಾಗುತ್ತಿತ್ತಲ್ಲ, ಅದನ್ನು ನೆನೆಸಿಕೊಂಡರೆ ಈಗ ಸ್ಕೂಟರಿನ ಮೇಲೆ ಮೈ ಕುಗ್ಗುತ್ತದೆ. ಅವಳ ಮರ್ಯಾದೆ ಉಳಿಸಲು ಮಾಡಿದ್ದು ಎಷ್ಟು, ತಮ್ಮ ಶಿಷ್ಯೆಯ ಕೈ ಸೋತಿತು ಎನಿಸಿಕೊಳ್ಳಬಾರದೆಂದು ಮಾಡಿದ್ದು ಎಷ್ಟು, ಬೇರ್ಪಡಿಸಿ ನೋಡುವ ಧೈರ್ಯ ಅವರಿಗಿರಲಿಲ್ಲ.

ಉಮಾಮಹೇಶ್ವರಿಗೆ, ಅಂದರೆ ಹೆಂಡತಿಗೆ, ಅಟ್ಟದ ಮೇಲಿನ ಎಣ್ಣೆ ಟಿನ್ನಿನಲ್ಲಿ ಈ ಪೀಸುಗಳು ಸಿಕ್ಕಿದ್ದು ಹೋದ ತಿಂಗಳು. ಹೆಂಗಸು ಏನನ್ನೂ ದಂಡ ಮಾಡುವವಳಲ್ಲ. ಒಂದನ್ನು ವಾಷಿಂಗ್ ಮಷಿನ್ನಿನ ಕುಂಟುಕಾಲಿಗೆ ಕೊಟ್ಟಳು, ಒಂದನ್ನು ಮೊಸರಿನ ಪಾತ್ರೆಯ ಮುಚ್ಚಳದ ಮೇಲೆ ಬೆಕ್ಕು ತೆಗೆಯದ ಹಾಗೆ ಭಾರವಾಗಿ ಇಟ್ಟಳು, ಆಮೇಲೆ ಕೇಳಿದಳು. ಇವರು ಮೊದಲು ಸುಳ್ಳು ಹೇಳಿ, ಅನ್ನ ಕಲಸುವಷ್ಟರಲ್ಲಿ ನಿಜ ಹೇಳಿದರು. ಅವಳು ಸಾರಿನ ಸೌಟು ಕೈಯಲ್ಲಿ ಹಿಡಿದೇ ನಿಂತಿದ್ದಳು.

“ಪಾಪ, ಆ ಹುಡ್ಗಿ ಕಣ್ರೀ. ಅವಳ ಸಾಮಾನೆಲ್ಲ ನಮ್ಮನೇಲಿ ಇಟ್ಕೊಂಡು, ನಿನ್ಹತ್ರ ಎಲ್ಲಾ ಇದೆ ಅಂತ ಕಳಿಸ್ತಿದೀರಲ್ಲ,” ಎಂದಳು.

ಆ ಮಾತಿಗೆ ಆವತ್ತು ಅವರು ಸಿಟ್ಟು ಮಾಡಿಕೊಂಡು ಮಜ್ಜಿಗೆ ಬೇಡವೆಂದು ಎದ್ದುಹೋದರು. ಸೋತ ಸಾಮಾನು ಒಬ್ಬರ ಆಸ್ತಿ ಹೇಗಾಗುತ್ತದೆ? ಅದನ್ನು ಮೊಳೆಗೆ ತೂಗುಹಾಕಿ ನೋಡಿದವರಿಗೆ ಗೊತ್ತು ಅದು ಏನು ಅಂತ. ಇವರು ಕೆಲಸ ಕಲಿತದ್ದು ಕುಣಿಗಲ್ಲಿನಲ್ಲಿ, ಕೆರೆ ಕಡೆಗೆ ಹೋಗುವ ರಸ್ತೆಯ ಶಿವರಾಮಯ್ಯನವರ ವರ್ಕ್‌ಶಾಪಿನಲ್ಲಿ. ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಎಲ್ಲ ಅಲ್ಲೇ ಆಗಬೇಕು. ಬಾಗಿಲಿನ ಮೇಲ್ಚೌಕಟ್ಟಿಗೆ ಉದ್ದಕ್ಕೂ ಮೊಳೆ ಹೊಡೆದಿದ್ದರು. ಯಾರು ಪೀಸು ಕೆಡಿಸುತ್ತಾರೋ ಅವರ ಪೀಸಿಗೆ ತಂತಿ ಕಟ್ಟಿ ಅಲ್ಲಿ ತೂಗುಹಾಕಿ, ಕೆಳಗೆ ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು ಆ ಅಂಗಡಿಯ ಪದ್ಧತಿ. ಇನ್ನೊಬ್ಬ ಕೆಡಿಸುವ ತನಕ ಅದು ಇಳಿಯುವ ಹಾಗಿಲ್ಲ. ಹತ್ತೊಂಬತ್ತು ವರ್ಷದ ಚನ್ನವೀರನ ಶಾಫ್ಟು ಅಲ್ಲಿ ಹನ್ನೊಂದು ದಿನ ತೂಗಿತು, ತಲೆ ತಗ್ಗಿಸದೆ ಯಾರೂ ಒಳಗೆ ಬರುವಂತಿಲ್ಲದ ಎತ್ತರದಲ್ಲಿ. ಏಳನೆಯ ದಿನ ಅಪ್ಪ ಬಂದರು. ಸಂತೆಗೆ ಬಂದವರು ಮಗನನ್ನು ನೋಡಿಕೊಂಡು ಹೋಗೋಣವೆಂದು, ಹೆಗಲ ಮೇಲಿನ ವಸ್ತ್ರದಲ್ಲಿ ಒಂದಿಷ್ಟು ಕಡಲೆಪುರಿ ಕಟ್ಟಿಕೊಂಡು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಮಗನ ಹೆಸರೊಂದನ್ನು ಗುರುತು ಹಿಡಿಯಲು ಕಲಿತಿದ್ದರು. ಬಾಗಿಲಲ್ಲಿ ನಿಂತು, ಬೆರಳಿನಿಂದ ಒಂದೊಂದೇ ಅಕ್ಷರ ತೋರಿಸಿ ಓದಿ, ಮೇಲೆ ತೂಗುತ್ತಿದ್ದ ಹೊಳೆಯುವ ಕಬ್ಬಿಣವನ್ನು ನೋಡಿ, ಎದುರಿನ ಟೀ ಅಂಗಡಿಯವನಿಗೆ ಕೂಗಿ ಹೇಳಿದರು: “ನಮ್ ಹುಡುಗನ ಹೆಸರು ಬರೆದು ಮೇಲಕ್ಕೆ ತೂಗಾಕವ್ರೆ ನೋಡಪ್ಪ.” ಒಳಗೆ ಯಾರೂ ನಗಲಿಲ್ಲ. ಶಿವರಾಮಯ್ಯ ಕೂಡ ಮೇಜಿನ ಮೇಲಿನ ಕಾಗದ ನೋಡುತ್ತ ಕೂತುಬಿಟ್ಟರು. ಅಪ್ಪ ಸಾಯುವವರೆಗೂ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಬಂದರು, ಇವರು ಒಮ್ಮೆಯೂ ತಿದ್ದಲಿಲ್ಲ.

ಯಾರಿಗೂ ಹೀಗೆ ಮಾಡಬಾರದು ಎಂದು ಆವತ್ತು ಕಡಲೆಪುರಿ ತಿನ್ನುತ್ತ ಅಂದುಕೊಂಡದ್ದು ನಿಜ. ಅದನ್ನು ನಲವತ್ತು ವರ್ಷ ನಡೆಸಿಕೊಂಡು ಬಂದದ್ದೂ ನಿಜ. ಆದರೆ ಇನ್ನೊಂದು ನಿಜ ಇತ್ತು. ಅದು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ ಮೇಲೆ ಇವತ್ತು ಬೆಳಿಗ್ಗೆ ಸ್ನಾನಕ್ಕೆ ನೀರು ತೋಡುವಾಗ ಎದುರಿಗೆ ಬಂದು ನಿಂತಿತ್ತು. ಆ ಹನ್ನೊಂದು ದಿನ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವನು ತಾನೇ ಆದ್ದರಿಂದ, ಯಾರೂ ಇಲ್ಲದಾಗ ಆ ಶಾಫ್ಟನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದರು. ಉಳಿ ಎಲ್ಲಿ ನಡುಗಿತು, ಕೈ ಎಲ್ಲಿ ಆತುರಪಟ್ಟಿತು ಎಲ್ಲ ಅದರ ಮೈ ಮೇಲೆ ಬರೆದಿತ್ತು. ಬೇಜಾರಿನಿಂದ, ದ್ವೇಷದಿಂದ ನೋಡಿದರೂ ನೋಡಿದ್ದರು. ಮೊಳೆಯನ್ನು ಮಾತ್ರ ನೆನಪಿಟ್ಟುಕೊಂಡು ಶಾಫ್ಟನ್ನು ಮರೆತುಬಿಟ್ಟಿದ್ದರಲ್ಲ ಇಷ್ಟು ವರ್ಷ. ರೂಪಶ್ರೀಗೆ ಮೊಳೆ ಬೇಡವೆಂದರು, ಸರಿಯೇ, ಆದರೆ ತಿರುಗಿಸಿ ನೋಡಲು ಶಾಫ್ಟನ್ನೂ ಕೊಡಲಿಲ್ಲ.

ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿಯೆಂದು ಒಳರಸ್ತೆಗೆ ಗಾಡಿ ತಿರುಗಿಸಿದರು. ಅರ್ಧ ಕಿಲೋಮೀಟರಿಗೇ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ನಿಲ್ಲಿಸಿ ಹೆಲ್ಮೆಟ್ ತೆಗೆದರು. ಅಕ್ಕಪಕ್ಕದ ರಾಗಿ ಹೊಲದಲ್ಲಿ ಯಾರೋ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕಳೆ ಕೀಳುತ್ತಿದ್ದರು. ರೂಪಶ್ರೀ ಇಳಿದು, ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಳ್ಳುತ್ತ ಮತ್ತೆ ಅದನ್ನೇ ಕೇಳಿದಳು: ಹೇಳಲಾ ಬೇಡವಾ ಸರ್, ಅನುಭವ ಏನು ಅಂತ ಕೇಳಿದರೆ? ಹೆಲ್ಮೆಟ್ಟಿನ ನೆಪ ಈಗ ಇವರ ಕೈಯಲ್ಲಿತ್ತು, ತಲೆ ಬರಿದಾಗಿತ್ತು.

“ಹೇಳ್ಬೇಡ,” ಎಂದರು. “ಅದು ನಿಜ ಅಲ್ಲ.”

ಅವಳು ನಕ್ಕಳು, ತಮಾಷೆಯೆಂದುಕೊಂಡು. ಇವರು ನಗದೆ ಹೇಳಿದರು. ಮೊದಲ ದಿನದಿಂದ ಶುರುಮಾಡಿ, ಗಿರಾಕಿಗಳು, ಜೇಬು, ಬೆಳಗಿನ ಮುಕ್ಕಾಲು ಗಂಟೆ, ಎಣ್ಣೆ ಟಿನ್ನು, ಎಲ್ಲವನ್ನೂ ಅವಳ ಚಪ್ಪಲಿ ನೋಡುತ್ತ ಹೇಳಿದರು. ಮಧ್ಯೆ ಒಂದು ಗೂಡ್ಸು ಬಂತು. ಉದ್ದನೆಯ ಗೂಡ್ಸು. ಅದು ದಾಟುವವರೆಗೆ ಇಬ್ಬರೂ ಸುಮ್ಮನೆ ನಿಂತಿರಬೇಕಾಯಿತು, ಅವಳ ಮುಖ ನೋಡುವುದಕ್ಕೆ ಇವರಿಗಾಗಲಿಲ್ಲ. ಗೂಡ್ಸು ಹೋದರೂ ಗೇಟು ಏಳಲಿಲ್ಲ, ಇನ್ನೊಂದು ಬರುವುದಿತ್ತೇನೋ.

“ಎಷ್ಟು ಸರ್?”

“ನಲವತ್ತೊಂದು.”

“ಎಣಿಸಿಟ್ಟಿದೀರ.” ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು, “ಒಂದಾದ್ರೂ ತೋರಿಸ್ಬೋದಿತ್ತಲ್ಲ ಸರ್ ನಂಗೆ,” ಎಂದಳು.

ಬೈಯುತ್ತಾಳೆ, ಅಳುತ್ತಾಳೆ, ವಾಪಸ್ ಹೋಗೋಣ ಎನ್ನುತ್ತಾಳೆ ಎಂದೆಲ್ಲ ಲೆಕ್ಕ ಹಾಕಿಕೊಂಡು ಬಂದಿದ್ದರು. ಅವಳು ಅಂಗೈ ಬಿಡಿಸಿ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತ ನಿಂತಿದ್ದಳು, ಅದು ಯಾರದೋ ಎಂಬಂತೆ. ಆರಿದ ಮೇಲೆ ಅಳೆಯಬೇಕು, ಅಷ್ಟೇ, ಬೇರೆ ಏನೂ ದೋಷ ಇಲ್ಲ ನಿನ್ನ ಕೈಯಲ್ಲಿ ಎಂದು ಇವರು ಅವಸರವಾಗಿ ಸೇರಿಸಿದರು. ಅಷ್ಟೇನಾ ಎಂದಳು. ಅಷ್ಟೇ ಎಂದರು. ಎರಡನೆಯ ರೈಲು ಹೋಗಿ ಗೇಟು ಎದ್ದಿತು, ಹಿಂದಿನ ಆಟೋದವನು ಹಾರನ್ ಹೊಡೆದ. ಅವಳು ಹತ್ತಿ ಕೂತಳು. ಇಷ್ಟು ಹೊತ್ತೂ ಹಿಡಿಯುತ್ತಿದ್ದ ಅವರ ಭುಜವನ್ನು ಹಿಡಿಯದೆ, ಹಿಂದಿನ ಕಂಬಿ ಹಿಡಿದುಕೊಂಡಳು. ಗುಬ್ಬಿ ಊರು ಬಂತು, ಹೋಯಿತು.

ಕಂಪನಿಯ ಗೇಟಿನ ಆಚೆ ಹೊಂಗೆಮರದ ಕೆಳಗೆ ಒಂದಿಷ್ಟು ಜನ ಕೂತಿದ್ದರು, ಒಳಗೆ ಹೋದವರ ಅಪ್ಪಂದಿರು, ಅಮ್ಮಂದಿರು. ಚನ್ನವೀರಯ್ಯನವರೂ ಹೋಗಿ ಒಂದು ಕಲ್ಲಿನ ಮೇಲೆ ಕೂತರು. ಗೇಟಿನವನು ರೂಪಶ್ರೀಯ ಚೀಲ ತಪಾಸಣೆ ಮಾಡುವಾಗ ಇವರೂ ಎರಡು ಹೆಜ್ಜೆ ಹತ್ತಿರ ಹೋಗಿ, ನಮ್ಮ ವರ್ಕ್‌ಶಾಪಿನ ಹುಡುಗಿ, ಸ್ವಲ್ಪ ಎಂದಿದ್ದರು. ಗೇಟಿನವನು ತಲೆಯೆತ್ತದೆ, ಗೆರೆಯಿಂದಾಚೆ ನಿಲ್ಲಿ ಯಜಮಾನ್ರೇ ಎಂದಿದ್ದ. ಅವಳು ತಿರುಗಿ ನೋಡದೆ ಒಳಗೆ ಹೋಗಿದ್ದಳು. ಇವರು ನೋಡಿಕೊಂಡರೆ, ಬೂಟು ನಿಜವಾಗಿಯೂ ಹಳದಿ ಗೆರೆ ದಾಟಿತ್ತು.

ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿ ಇವರ ಮುಂದೆ ಹಿಡಿದಳು. ಕದರಮ್ಮ ಎಂದು ಹೆಸರು, ಮಗ ಅಂಜನಮೂರ್ತಿಯನ್ನು ಕರೆದುಕೊಂಡು ಬಂದವಳು. ಒಳಗೋದದ್ದು ನಿಮ್ಮ ಮಗಳಾ ಎಂದು ಕೇಳಿದಳು. ಹೂಂ ಎಂದುಬಿಟ್ಟರು. ಇವತ್ತೂ ಒಂದು ಸುಳ್ಳು ಬೇಕಿತ್ತೇ ಎನಿಸಿ, ಅಲ್ಲ, ಶಿಷ್ಯೆ ಎಂದರು. ಅದಾದರೂ ನಿಜವೇ ಎಂದು ತಮ್ಮನ್ನೇ ಕೇಳಿಕೊಂಡು, ಸುಮ್ಮನೆ ಎಲೆಗೆ ಸುಣ್ಣ ಹಚ್ಚಿದರು. ಕದರಮ್ಮನಿಗೆ ಅದರ ಗೊಡವೆ ಇರಲಿಲ್ಲ. ಅವಳ ಮಗ ಇಲ್ಲಿಗೆ ಬರುತ್ತಿರುವುದು ಮೂರನೇ ಸಲ.

“ಮೊದಲ್ನೇ ಸಲ ಹೆದ್ರುಕೊಂಡು ಮಿಷನ್ನೇ ಆನ್ ಮಾಡ್ಲಿಲ್ವಂತೆ ನನ್ಮಗ. ಎರಡ್ನೇ ಸಲ ಆನ್ ಮಾಡ್ದ, ಉಳಿ ಮುರಿದಾಕ್ದ. ಈ ಸಲ ಏನು ಕೆಡಿಸ್ತಾನೋ ಬರ್ಲಿ, ಕೇಳನ.”

ಬೇಜಾರಾಗಲ್ವಾ ಅವನಿಗೆ ಎಂದು ಇವರು ಕೇಳಿದರು. ಆಗದೆ ಏನು, ಎರಡು ದಿನ ಉಣ್ಣಲ್ಲ, ಮೂರನೇ ದಿನ ಜಾಸ್ತಿ ಉಣ್ಣುತ್ತಾನೆ ಎಂದಳು ಕದರಮ್ಮ. ಆಮೇಲೆ, ಮುರಿದ ಉಳಿಯ ಚೂರನ್ನು ಕೇಳಿ ತಂದು ಜೇಬಲ್ಲಿಟ್ಟುಕೊಂಡು ಓಡಾಡುತ್ತಾನೆ, ಶರ್ಟೆಲ್ಲ ತೂತು ಎಂದು ದೂರಿದಳು. ಆ ದೂರಿನಲ್ಲಿ ಇದ್ದ ಪ್ರೀತಿಗೆ ಚನ್ನವೀರಯ್ಯನವರ ಕಣ್ಣು ಯಾಕೋ ತುಂಬಿತು. ಸುಣ್ಣ ಜಾಸ್ತಿಯಾಯಿತು ಎಂದು ಪಂಚೆಯ ತುದಿಯನ್ನು ಹುಡುಕಿ, ಪ್ಯಾಂಟು ಹಾಕಿದ್ದೇನೆ ಎಂದು ನೆನಪಾಗಿ, ತೋಳಿನಿಂದಲೇ ಒರೆಸಿಕೊಂಡರು. ಮೇಲೆ ತೂಗುತ್ತಿದ್ದದ್ದು ಕೆಟ್ಟ ಪೀಸು ಅಂತ ನಮ್ಮ ಅಪ್ಪನಿಗೆ ಗೊತ್ತಿತ್ತೇ? ಇಷ್ಟು ವರ್ಷದ ಮೇಲೆ, ಗುಬ್ಬಿ ದಾಟಿದ ಈ ಬಯಲಿನಲ್ಲಿ ಮೊದಲ ಬಾರಿಗೆ ಈ ಪ್ರಶ್ನೆ ಬಂತು. ಟೀ ಅಂಗಡಿಯವನು ಆಮೇಲೆ ಹೇಳದೆ ಇದ್ದಿರುತ್ತಾನೆಯೇ? ಗೊತ್ತಿದ್ದೂ, ಮಗನ ಹೆಸರು ಮೇಲಿತ್ತು ಎಂದೇ ಊರಿಗೆಲ್ಲ ಹೇಳಿಕೊಂಡು ತಿರುಗಿದರೇ ಆ ಮನುಷ್ಯ? ಉತ್ತರ ಹೇಳುವವರು ಯಾರೂ ಉಳಿದಿಲ್ಲ.

ಹನ್ನೆರಡೂ ಕಾಲಿಗೆ ಒಬ್ಬೊಬ್ಬರಾಗಿ ಆಚೆ ಬಂದರು. ರೂಪಶ್ರೀ ಬಂದದ್ದು ಕೊನೆಗೆ. ಕೈಗೆಲ್ಲ ಬಿಳಿ ತರಿ ಮೆತ್ತಿತ್ತು. ಕಣ್ಣು ಕೆಂಪಗಿತ್ತು, ಅತ್ತು ಮುಖ ತೊಳೆದುಕೊಂಡು ಬಂದಿದ್ದಳು. ಇವರು ಎದ್ದು ನಿಂತರು.

“ಆಗ್ಲಿಲ್ಲ ಸರ್,” ಎಂದಳು. “ಮೂರನೇ ಮೆಟ್ಟಿಲು ಉಳೀತು. ಟೈಮಾಯ್ತು.”

ಅಳತೆ ತಪ್ಪಿರಲಿಲ್ಲ. ನೀವು ಹೇಳಿದಿರಲ್ಲ ಆರಲಿ ಅಂತ, ಅದಕ್ಕೇ ಮಿಷನ್ ನಿಲ್ಲಿಸಿ ಕಾದೆ ಎಂದಳು. ಮೊದಲನೇ ಮೆಟ್ಟಿಲಿಗೆ ಇಪ್ಪತ್ತು ನಿಮಿಷ, ಎರಡನೆಯದಕ್ಕೂ ಇಪ್ಪತ್ತು ನಿಮಿಷ ಕೈಕಟ್ಟಿಕೊಂಡು ನಿಂತಿದ್ದಳು. ಪಕ್ಕದ ಮಿಷನ್ನಿನ ಹುಡುಗರು ನೋಡಿ ನಗುತ್ತಿದ್ದರಂತೆ. ಎಷ್ಟು ಆರಿದರೆ ಸಾಕು ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಚನ್ನವೀರಯ್ಯ ಬೆಳಿಗ್ಗೆ ಒಂದೇ ವಾಕ್ಯದಲ್ಲಿ ಕೊಟ್ಟದ್ದು ಒಂದು ಮಾತು ಮಾತ್ರ. ಅದರ ಒಳಗಿನ ನಲವತ್ತೊಂದು ಪೀಸು ಮನೆಯಲ್ಲೇ ಉಳಿದಿತ್ತು. ತಪ್ಪು ನನ್ನದು ಕಣಮ್ಮ ಎಂದು ಶುರುಮಾಡಿದರು.

ಅವಳಿಗೆ ಅದನ್ನು ಕೇಳುವ ವ್ಯವಧಾನ ಇರಲಿಲ್ಲ. ಮಾತು ಅವಳ ಬಾಯಿಂದ ಬರುತ್ತಲೇ ಇತ್ತು. ಎರಡನೇ ಮೆಟ್ಟಿಲಿಗೆ ಕಾಯುವಾಗ ಹೊಳೆಯಿತಂತೆ: ಮೊದಲು ಮೂರನ್ನೂ ದಪ್ಪದಪ್ಪವಾಗಿ ಕಡೆದು ಸ್ವಲ್ಪ ಉಳಿಸಿಕೊಂಡು, ಒಂದೇ ಸಲ ಆರಲು ಬಿಟ್ಟು, ಆಮೇಲೆ ಮೂರನ್ನೂ ತೆಳುವಾಗಿ ಮುಗಿಸಿದ್ದರೆ ಒಂದೇ ಕಾಯುವಿಕೆಯಲ್ಲಿ ಮುಗಿಯುತ್ತಿತ್ತು. ಅಷ್ಟೊತ್ತಿಗೆ ಹೊತ್ತು ಮೀರಿತ್ತು. ಅಲ್ಲದೆ ಉಳಿಯ ವೇಗ ಜಾಸ್ತಿ ಇಟ್ಟದ್ದರಿಂದಲೇ ಅದು ಅಷ್ಟು ಬಿಸಿಯಾದದ್ದು ಇರಬೇಕು ಅಲ್ವಾ ಸರ್, ಎಣ್ಣೆ ಸುರಿದಿದ್ದರೆ? ಪರೀಕ್ಷೆ ಮಾಡುವವರಿಗೂ ಇದನ್ನೇ ಹೇಳಿದಳಂತೆ. ಅವರು ಕೇಳಿಸಿಕೊಂಡು, ಆರು ತಿಂಗಳಿಗೆ ಮತ್ತೆ ಕರೆಯುತ್ತೇವೆ, ಅರ್ಜಿ ಹಾಕಿ ಎಂದು ಹೇಳಿದರು. ಎಲ್ಲರಿಗೂ ಹೇಳುವ ಮಾತೇ ಇರಬಹುದು ಅದು. ಹನ್ನೊಂದು ತಿಂಗಳಿನಿಂದ ಅವಳು ಕರೆಕ್ಟಾಗಿದೆ ಸರ್ ಎನ್ನುವುದನ್ನು ಬಿಟ್ಟು ಕೆಲಸದ ಬಗ್ಗೆ ಬೇರೆ ಏನನ್ನೂ ಆಡಿರಲಿಲ್ಲ ಎಂಬುದು ಇವರಿಗೆ ಈಗ, ಅವಳು ಉಸಿರು ಕಟ್ಟಿ ಮಾತಾಡುತ್ತಿರುವಾಗ ತಿಳಿಯಿತು. ಮೂರನ್ನೂ ದಪ್ಪವಾಗಿ ಕಡೆದಿಟ್ಟುಕೊಳ್ಳುವುದನ್ನು ಇವರು ತಾವಾಗಿಯೇ ಕಂಡುಕೊಳ್ಳಲು ಎರಡು ವರ್ಷ ಹಿಡಿದಿತ್ತು. ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಅವಳೇ ಮುಗಿಸಲಿ.

ಮುಗಿದ ಮೇಲೆ ಇಬ್ಬರೂ ಸ್ಕೂಟರಿನ ಹತ್ತಿರ ಬಂದರು. ಹೆಲ್ಮೆಟ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

“ನಾನು ಬಸ್ಸಲ್ಲಿ ಹೋಗ್ತೀನಿ ಸರ್.”

“ಸಿಟ್ಟಾ?”

“ಇದೆ.” ಅವಳು ರಸ್ತೆಯ ಕಡೆ ನೋಡಿದಳು. “ನಾಳೆ ಬರ್ತೀನಿ. ನೀವು ಎಲ್ಲಾರ ಜೊತೆ ಎಂಟು ಗಂಟೆಗೇ ಬನ್ನಿ, ಬೇಗ ಬರ್ಬೇಡಿ. ಆ ಟಿನ್ನೂ ತನ್ನಿ.”

“ಎರಡು ಕಮ್ಮಿ ಇರ್ತವೆ,” ಎಂದರು ಚನ್ನವೀರಯ್ಯ. “ನಮ್ಮನೇವ್ರು ಬಳಸ್ಕೊಂಡವ್ರೆ.”

ಅವಳ ತುಟಿಯ ಒಂದು ಕೊನೆ ಅಲ್ಲಾಡಿತು. ನಗುವಾಗುವ ಮೊದಲೇ ಮುಖ ತಿರುಗಿಸಿ ಹೊರಟುಬಿಟ್ಟಳು. ಅಷ್ಟರಲ್ಲಿ ಬಸ್ಸೂ ಬಂತು, ಓಡಿಹೋಗಿ ಹತ್ತಿಕೊಂಡಳು. ಇವರು ಗಾಡಿ ಹೊರಡಿಸಿ ಬಸ್ಸಿನ ಹಿಂದೆಯೇ ಬಿದ್ದರು. ಗುಬ್ಬಿಯ ಪೇಟೆಯಲ್ಲಿ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಾಗ ಕಿಟಕಿಯಲ್ಲಿ ಅವಳು ಕಂಡಳು. ಪಕ್ಕದಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡ ಯಾರೋ ಮುದುಕಿ. ಅವಳಿಗೆ ರೂಪಶ್ರೀ ಏನೋ ಹೇಳುತ್ತಿದ್ದಳು. ಎಡಗೈಯಲ್ಲಿ ಗಾಳಿಯನ್ನು ದಿಂಡಿನಂತೆ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಕಾಣಿಸದಷ್ಟು ಸಣ್ಣ ಸಂದು ಮಾಡಿ ತೋರಿಸುತ್ತಿದ್ದಳು. ಮುದುಕಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕಣ್ಣು ಕಿರಿದು ಮಾಡಿಕೊಂಡು ಆ ಸಂದಿನೊಳಗೆ ಬಗ್ಗಿ ನೋಡಿದಳು. ಬಸ್ಸು ಹೊರಟಿತು. ಮುಂದೆ ರಸ್ತೆ ಖಾಲಿಯಿತ್ತು, ದಾಟಿಕೊಂಡು ಹೋಗಲು ಬೇಕಾದಷ್ಟು ಜಾಗವೂ ಇತ್ತು. ಚನ್ನವೀರಯ್ಯ ದೂಳು ಕುಡಿಯುತ್ತ ಹಿಂದೆಯೇ ಹೋದರು.